ಬಂಡೆಯ ಮೇಲಿದ್ದ ಇಬ್ಬರು

(ಚಿತ್ರವೊಂದು ಕಣ್ಣಿಗೆ ಕಾಣುವ ವಸ್ತುಗಳನ್ನು ತೋರಿಸುವುದರ ಜೊತೆಗೆ ನೋಡುವವರ ಮನಸ್ಸಿನಲ್ಲಿ ಒಂದು ಭಾವವನ್ನೂ ಮೂಡಿಸುತ್ತದೆ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರನ ಒಂದು ಕಡಲ ಚಿತ್ರದ ಮೂಲಕ ಈ ಪಾಠ ವಿವರಿಸುತ್ತದೆ.)

ಚಿತ್ರವೊಂದನ್ನು ಕಂಡವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ “ಇದರಲ್ಲಿ ಏನಿದೆ?” ಎಂಬುದು. ಮರವಿದೆ, ಮನೆಯಿದೆ, ಹೊಳೆಯಿದೆ, ದನ ಕಾಯುವ ಹುಡುಗನಿದ್ದಾನೆ ಎಂದು ಒಂದೊಂದನ್ನಾಗಿ ಗುರುತಿಸಿದರೆ ಚಿತ್ರವನ್ನು ನೋಡಿ ಮುಗಿಸಿದಂತಾಯಿತೆಂದು ಅವರು ಭಾವಿಸುತ್ತಾರೆ. ಆದರೆ ಒಳ್ಳೆಯ ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತವರಲ್ಲಿ ಮತ್ತೊಂದು ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. “ಇದನ್ನು ನೋಡುವಾಗ ಮನಸ್ಸಿಗೆ ಹೀಗೇಕೆ ಆಗುತ್ತದೆ?” ಮೊದಲನೆಯ ಪ್ರಶ್ನೆಗೆ ಉತ್ತರ ಚಿತ್ರದ ವಸ್ತು, ಎರಡನೆಯದಕ್ಕೆ ಉತ್ತರ ಚಿತ್ರದ ಭಾವ. ವಸ್ತು ಕೂಡಲೇ ಕಣ್ಣಿಗೆ ಬೀಳುತ್ತದೆ. ಭಾವ ಹಾಗಲ್ಲ, ಅದು ಮೆಲ್ಲಮೆಲ್ಲನೆ ಅನುಭವಕ್ಕೆ ಬರುತ್ತದೆ.

ಕಡಲತೀರದ ಬಂಡೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮೇಲೆ ನಿಂತವನ ಕಿವಿಗೆ ಅಲೆಗಳ ಮೊರೆತ ಬೀಳುತ್ತದೆ. ಮುಖಕ್ಕೆ ಉಪ್ಪುಗಾಳಿ ತಗಲುತ್ತದೆ. ಕಾಲಡಿಯ ಕಲ್ಲು ತಣ್ಣಗೆ ಕೊರೆಯುತ್ತದೆ. ಹೆದ್ದೆರೆಯೊಂದು ಬಂದು ಅಪ್ಪಳಿಸಿದಾಗ ಎದೆ ಝಲ್ಲೆನ್ನುತ್ತದೆ. ಇವೆಲ್ಲ ಕೂಡಿ ಅವನ ಮನಸ್ಸಿನಲ್ಲಿ ಒಂದು ಭಾವವನ್ನು ಎಬ್ಬಿಸುತ್ತವೆ. ಚಿತ್ರಕಾರನ ಬಳಿ ಇವುಗಳಲ್ಲಿ ಒಂದೂ ಇಲ್ಲ. ಅವನ ಚಿತ್ರದಲ್ಲಿ ಗಾಳಿ ಬೀಸುವುದಿಲ್ಲ, ನೀರು ಸದ್ದುಮಾಡುವುದಿಲ್ಲ, ಎದ್ದ ಅಲೆ ಎಂದೆಂದಿಗೂ ಕೆಳಗೆ ಬೀಳುವುದಿಲ್ಲ. ಬಿಗಿದು ಕಟ್ಟಿದ ಬಟ್ಟೆಯ ಮೇಲೆ ಹಚ್ಚಿದ ಬಣ್ಣವಷ್ಟೇ ಅವನ ಬಂಡವಾಳ. ಅಷ್ಟರಿಂದಲೇ ಅವನು ಬಿರುಗಾಳಿಯ ಭಯವನ್ನೋ ಬೆಳದಿಂಗಳ ನೆಮ್ಮದಿಯನ್ನೋ ನೋಡುವವರ ಮನಸ್ಸಿಗೆ ಮುಟ್ಟಿಸಬೇಕು. ಈ ಕೆಲಸದ ಗುಟ್ಟನ್ನು ತಿಳಿಯಬಯಸುವವರಿಗೆ ವಿನ್ಸ್ಲೋ ಹೋಮರನ ಒಂದು ಚಿತ್ರವೂ, ಆ ಚಿತ್ರದಲ್ಲಿ ಅವನೇ ಮಾಡಿದ ಒಂದು ಬದಲಾವಣೆಯೂ ಒಳ್ಳೆಯ ಪಾಠಗಳಾಗಿವೆ.

ಆ ಚಿತ್ರ ಇಂದು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹೆಸರು ‘ನಾರ್ತ್‌ಈಸ್ಟರ್’. ಈಶಾನ್ಯದ ಬಿರುಗಾಳಿ ಎಂದು ಅದರ ಅರ್ಥ. ಸುಮಾರು 127 ಸೆಂಟಿಮೀಟರ್ ಅಗಲ, 87 ಸೆಂಟಿಮೀಟರ್ ಎತ್ತರದ ತೈಲವರ್ಣದ ಚಿತ್ರವದು. ಅದರಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಒಂದೇ ಸಾಲಿನದು: ಒಂದು ಕಪ್ಪು ಬಂಡೆ, ಒಂದು ಹೆದ್ದೆರೆ, ಮೇಲಕ್ಕೆ ಚಿಮ್ಮಿದ ನೊರೆ, ಬೂದುಬಣ್ಣದ ಆಕಾಶ. ಹಡಗಿಲ್ಲ, ಹಕ್ಕಿಯಿಲ್ಲ, ಮನುಷ್ಯನ ಸುಳಿವಿಲ್ಲ. ಇಷ್ಟು ಬಡವಾದ ವಸ್ತುವಿನಿಂದ ಅಷ್ಟು ಬಲವಾದ ಭಾವ ಹೇಗೆ ಹುಟ್ಟಿತೆಂಬುದನ್ನು ಅರಿಯಲು ಚಿತ್ರಕಾರನ ಬಾಳಿನ ದಾರಿಯನ್ನು ಸ್ವಲ್ಪ ತಿಳಿಯಬೇಕು.

ವಿನ್ಸ್ಲೋ ಹೋಮರ್ 1836ರ ಫೆಬ್ರವರಿ 24ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದನು. ಗ್ರೀಕರ ಆದಿಕವಿ ಹೋಮರನಿಗೂ ಇವನಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಇವನ ತಾಯಿ ಹೆನ್ರಿಯೆಟಾ ಜಲವರ್ಣದಲ್ಲಿ ಚಿತ್ರ ಬರೆಯಬಲ್ಲವಳಾಗಿದ್ದಳು. ಮಗನಿಗೆ ಅವಳೇ ಮೊದಲ ಗುರು. ಹತ್ತೊಂಬತ್ತರ ಹರೆಯದಲ್ಲಿ ಅವನು ಬಾಸ್ಟನ್ನಿನ ಕಲ್ಲಚ್ಚಿನ ಮುದ್ರಣಾಲಯವೊಂದಕ್ಕೆ ಕೆಲಸ ಕಲಿಯಲು ಸೇರಿದನು. ಅನಂತರ ‘ಹಾರ್ಪರ್ಸ್ ವೀಕ್ಲಿ’ ಎಂಬ ವಾರಪತ್ರಿಕೆಗೆ ಚಿತ್ರಗಳನ್ನು ಬರೆದುಕೊಡತೊಡಗಿದನು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಶಿಬಿರಗಳಿಗೆ ಹೋಗಿ ಅಲ್ಲಿನ ಬದುಕನ್ನು ಚಿತ್ರಿಸಿದನು. ಪತ್ರಿಕೆಯ ಚಿತ್ರ ಸುದ್ದಿಯನ್ನು ಹೇಳಬೇಕು. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಹೀಗೆ ಕಥೆ ಹೇಳುವ ಚಿತ್ರಗಳಲ್ಲಿ ಅವನ ಕೈ ಪಳಗಿತು.

1881ರಲ್ಲಿ ಹೋಮರ್ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ, 1882ರ ಕೊನೆಯ ಭಾಗದವರೆಗೆ ಅಲ್ಲಿ ನೆಲಸಿದನು. ಆ ಹಳ್ಳಿಯವರಿಗೆ ಕಡಲು ವಿಹಾರದ ತಾಣವಾಗಿರಲಿಲ್ಲ. ಅನ್ನ ಕೊಡುವುದೂ ಅದೇ, ಮನೆಯ ಗಂಡಸರನ್ನು ಕಿತ್ತುಕೊಳ್ಳುವುದೂ ಅದೇ. ಬಿರುಗಾಳಿ ಎದ್ದ ದಿನ ಹೆಂಗಸರು ದಡದಲ್ಲಿ ನಿಂತು, ಹೋದ ದೋಣಿಗಳು ಮರಳುವುದನ್ನು ಕಾಯುತ್ತಿದ್ದರು. 1881ರ ಅಕ್ಟೋಬರ್ ತಿಂಗಳಲ್ಲಿ ‘ಐರನ್ ಕ್ರೌನ್’ ಎಂಬ ಹಡಗು ಬಿರುಗಾಳಿಗೆ ಸಿಲುಕಿ ಅಪಾಯಕ್ಕೊಳಗಾದುದನ್ನು ಹೋಮರ್ ಕಣ್ಣಾರೆ ಕಂಡು ಜಲವರ್ಣದಲ್ಲಿ ಚಿತ್ರಿಸಿದನು. ಅಲ್ಲಿಂದ ಮುಂದೆ ಕಡಲು ಅವನ ಮನಸ್ಸನ್ನು ಬಿಡಲಿಲ್ಲ.

ಅಮೆರಿಕಕ್ಕೆ ಹಿಂದಿರುಗಿದ ಮೇಲೆ, 1883ರಲ್ಲಿ, ಅವನು ಮೇನ್ ರಾಜ್ಯದ ಪ್ರೌಟ್ಸ್ ನೆಕ್ ಎಂಬಲ್ಲಿ ನೆಲೆನಿಂತನು. ಅದು ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬಂಡೆಗಳ ಭೂಶಿರ. ಅವನ ಕುಟುಂಬದವರು ಅಲ್ಲಿ ಜಮೀನು ಕೊಂಡಿದ್ದರು. ಕುದುರೆಗಾಡಿಯನ್ನು ನಿಲ್ಲಿಸಲು ಕಟ್ಟಿದ್ದ ಕಟ್ಟಡವನ್ನೇ ಹೋಮರ್ ತನ್ನ ಮನೆಯಾಗಿಯೂ ಚಿತ್ರಶಾಲೆಯಾಗಿಯೂ ಮಾರ್ಪಡಿಸಿಕೊಂಡನು. ಅದರ ಮೇಲಂತಸ್ತಿನ ಮೊಗಸಾಲೆಯಲ್ಲಿ ನಿಂತರೆ ಎದುರಿಗೆ ಬಂಡೆಗಳು, ಆಚೆಗೆ ಬರಿಯ ಕಡಲು. ಬೇಸಗೆಯಲ್ಲಿ ಬಂದು ತೊಂದರೆ ಕೊಡುವ ಪ್ರವಾಸಿಗಳನ್ನು ದೂರವಿಡಲು, ಇಲ್ಲಿ ಹಾವುಗಳಿವೆ, ಇಲಿಗಳಿವೆ ಎಂದು ಹಲಗೆ ಬರೆದಿಟ್ಟಿದ್ದನಂತೆ! ಮದುವೆಯಾಗದ ಹೋಮರ್ ಚಳಿಗಾಲದಲ್ಲಿ ಕೆಲವೊಮ್ಮೆ ಬೆಚ್ಚನೆಯ ನಾಡುಗಳಿಗೆ ಹೋಗಿಬರುತ್ತಿದ್ದುದನ್ನು ಬಿಟ್ಟರೆ ಉಳಿದ ಬಾಳನ್ನೆಲ್ಲ ಅಲ್ಲಿಯೇ, ಬಹುಮಟ್ಟಿಗೆ ಒಂಟಿಯಾಗಿ, ಕಳೆದನು. ಬೇಸಗೆಯ ಜನ ಊರಿಗೆ ಮರಳಿದ ಮೇಲೆ, ಶರತ್ಕಾಲ ಕಳೆದು ಬಿರುಗಾಳಿಗಳು ಏಳತೊಡಗಿದಾಗ, ಅವನ ಕೆಲಸಕ್ಕೆ ಹುರುಪು ಬರುತ್ತಿತ್ತು. ಬಂಡೆಗಳ ಅಂಚಿಗೆ ಎಳೆದೊಯ್ಯಬಹುದಾದ, ಗಾಜಿನ ಕಿಟಕಿಯಿದ್ದ ಪುಟ್ಟ ಗುಡಿಸಲೊಂದನ್ನು ಮಾಡಿಸಿಕೊಂಡು, ಅದರೊಳಗೆ ಕುಳಿತು ಕೆರಳಿದ ಕಡಲನ್ನು ಗಮನಿಸುತ್ತಿದ್ದನು.

ಪ್ರೌಟ್ಸ್ ನೆಕ್‌ಗೆ ಬಂದ ಮೊದಲ ವರ್ಷಗಳಲ್ಲಿ ಅವನ ಕಡಲ ಚಿತ್ರಗಳಿಗೆ ಮನುಷ್ಯನೇ ನಾಯಕ. 1884ರ ‘ಲೈಫ್ ಲೈನ್’ ಎಂಬ ಚಿತ್ರದಲ್ಲಿ, ಹಡಗಿನಿಂದ ದಡಕ್ಕೆ ಬಿಗಿದ ಹಗ್ಗದ ಮೇಲೆ ತೂಗುತ್ತ ಒಬ್ಬ ರಕ್ಷಕನು ಪ್ರಜ್ಞೆ ತಪ್ಪಿದ ಹೆಂಗಸನ್ನು ಅಪ್ಪಿ ಹಿಡಿದು ತರುತ್ತಿದ್ದಾನೆ. ಗಾಳಿಗೆ ಹಾರಿದ ಕೆಂಪು ಶಾಲು ಅವನ ಮುಖವನ್ನು ಮರೆಮಾಡಿದೆ. 1885ರ ‘ಫಾಗ್ ವಾರ್ನಿಂಗ್’ ಎಂಬ ಚಿತ್ರದಲ್ಲಿ, ಪುಟ್ಟ ದೋಣಿಯಲ್ಲಿ ಕುಳಿತ ಮೀನುಗಾರನೊಬ್ಬನು ತಲೆ ಹೊರಳಿಸಿ ದೂರದ ಹಡಗನ್ನು ನೋಡುತ್ತಿದ್ದಾನೆ. ದಿಗಂತದಲ್ಲಿ ಮಂಜು ಏಳುತ್ತಿದೆ. ಮಂಜು ಕವಿಯುವುದರೊಳಗೆ ಅವನು ಹಡಗನ್ನು ಸೇರುವನೇ? ಚಿತ್ರ ಈ ಪ್ರಶ್ನೆಯನ್ನು ಕೇಳಿ ಸುಮ್ಮನಾಗುತ್ತದೆ. ವರ್ಷಗಳು ಕಳೆದಂತೆ ಅವನ ಚಿತ್ರಗಳಲ್ಲಿ ಕಡಲು ದೊಡ್ಡದಾಗುತ್ತ, ಮನುಷ್ಯ ಚಿಕ್ಕವನಾಗುತ್ತ ಬಂದನು. 1894ರ ‘ಹೈ ಕ್ಲಿಫ್’ ಎಂಬ ಚಿತ್ರದಲ್ಲಿ ಜನರು ಬಂಡೆಗಳ ನೆತ್ತಿಯ ಮೇಲೆ, ಹುಡುಕಿದರಷ್ಟೇ ಕಾಣುವಷ್ಟು ಚಿಕ್ಕವರಾಗಿ ನಿಂತಿದ್ದಾರೆ. ಅದರ ಮರುವರ್ಷವೇ, 1895ರಲ್ಲಿ, ‘ನಾರ್ತ್‌ಈಸ್ಟರ್’ ಹುಟ್ಟಿತು.

ಚಿತ್ರಕ್ಕೆ ಹೆಸರು ಕೊಟ್ಟ ಈಶಾನ್ಯದ ಬಿರುಗಾಳಿ ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯವರಿಗೆ ಚಿರಪರಿಚಿತ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಅದರ ಹಾವಳಿ ಹೆಚ್ಚು. ವಾಯುಭಾರ ಕಡಮೆಯಾದ ಪ್ರದೇಶವೊಂದು ಕರಾವಳಿಯುದ್ದಕ್ಕೂ ಸಾಗುವಾಗ ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹೀಗೆ ಸುತ್ತುವ ಗಾಳಿ ತೀರದಲ್ಲಿದ್ದವರಿಗೆ ಈಶಾನ್ಯದಿಂದ, ಎಂದರೆ ತೆರೆದ ಕಡಲಿನ ಕಡೆಯಿಂದ, ಬೀಸುತ್ತದೆ. ಬಹುದೂರದಿಂದ ತಳ್ಳಿಸಿಕೊಂಡು ಬಂದ ಅಲೆ ದಡದ ಬಳಿ ನೀರಿನ ಆಳ ಕಡಮೆಯಾದಾಗ ಬುಡದಲ್ಲಿ ನಿಧಾನವಾಗಿ, ತುದಿಯಲ್ಲಿ ಮುಂದೋಡಿ, ಬಾಗಿ ಮುರಿಯುತ್ತದೆ. ಎದುರಿಗೆ ಮರಳಿದ್ದರೆ ಅದರ ಬಲ ಹರಡಿ ಕುಗ್ಗುತ್ತದೆ. ಬಂಡೆಯಿದ್ದರೆ ಹಾಗೆ ಹರಡಲು ಎಡೆಯಿಲ್ಲ. ನೀರು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಹೋಮರ್ ಚಿತ್ರಿಸಿರುವುದು ಈ ಕ್ಷಣವನ್ನು.

ಆದರೆ ಕಂಡುದನ್ನು ಕಂಡಂತೆ ಬರೆದ ಮಾತ್ರಕ್ಕೆ ಭಾವ ಮೂಡುವುದಿಲ್ಲ. ಹೋಮರ್ ಮೊದಲು ಬಣ್ಣಗಳನ್ನು ಕಡಮೆ ಮಾಡಿದನು. ಬೂದು, ಕಂದು, ಬಿಳಿ, ಕಡುಹಸುರು ಇಷ್ಟರಲ್ಲಿಯೇ ಇಡೀ ಚಿತ್ರ ಮುಗಿದಿದೆ. ಕಣ್ಣಿಗೆ ಹಿತವಾದ ಕೆಂಪಿಲ್ಲ, ಹಳದಿಯಿಲ್ಲ, ತಿಳಿನೀಲಿಯ ಬಾನಿಲ್ಲ. ಬಿಸಿಲಿನ ನೆನಪನ್ನು ತರುವ ಯಾವ ಬಣ್ಣವೂ ಇಲ್ಲವಾದುದರಿಂದ ಚಿತ್ರದ ತುಂಬ ಚಳಿ ತುಂಬಿದಂತಿದೆ. ಇಷ್ಟರ ನಡುವೆ ಒಂದೇ ಒಂದು ಕಡೆ ಬೆಳಕು ಒಳಗಿನಿಂದ ಹೊಳೆಯುತ್ತದೆ. ಏರಿ ಬಾಗುತ್ತಿರುವ ಹೆದ್ದೆರೆಯ ನೆತ್ತಿ ತೆಳ್ಳಗಾದ ಕಡೆ ಬೆಳಕು ನೀರನ್ನು ಹಾಯ್ದು ಬಂದು ಹಸುರಾಗಿ ಕಾಣುತ್ತದೆ. ಚಿತ್ರದಲ್ಲಿ ಅತ್ಯಂತ ಸುಂದರವಾದುದು ಆ ಹಸುರು. ಮರುಕ್ಷಣವೇ ಮುರಿದು ಬೀಳಲಿರುವುದೂ ಅದೇ. ಸೊಬಗು ಮತ್ತು ಭಯ ಒಂದೇ ಜಾಗದಲ್ಲಿ ಕೂಡಿರುವುದರಿಂದ ನೋಡುವವರು ಅದರಿಂದ ಕಣ್ಣು ಕೀಳಲಾರರು, ನಿಶ್ಚಿಂತರಾಗಿಯೂ ಇರಲಾರರು.

ಎರಡನೆಯದಾಗಿ, ಕಪ್ಪು ಮತ್ತು ಬಿಳುಪನ್ನು ಅವನು ಒಂದರ ಪಕ್ಕದಲ್ಲೊಂದು ಇಟ್ಟನು. ಕಪ್ಪಾದ ಬಂಡೆಯ ಬೆನ್ನಿಗೇ ಬೆಳ್ಳನೆಯ ನೊರೆ ಏಳುತ್ತದೆ. ಬಿಳುಪಿನ ಪಕ್ಕದಲ್ಲಿರುವುದರಿಂದ ಬಂಡೆ ಮತ್ತಷ್ಟು ಕಪ್ಪಾಗಿ, ಕಪ್ಪಿನ ಪಕ್ಕದಲ್ಲಿರುವುದರಿಂದ ನೊರೆ ಮತ್ತಷ್ಟು ಬಿಳುಪಾಗಿ ತೋರುತ್ತವೆ. ಸದ್ದಿಲ್ಲದ ಚಿತ್ರದಲ್ಲಿ ಅಪ್ಪಳಿಸುವಿಕೆಯ ಸದ್ದು ಕೇಳಿಸಿದಂತಾಗುವುದು ಈ ಎರಡು ಬಣ್ಣಗಳ ಘರ್ಷಣೆಯಿಂದ.

ಮೂರನೆಯದು ರೇಖೆ. ನೆಲಕ್ಕೆ ಸಮವಾದ ರೇಖೆ ಮನಸ್ಸಿಗೆ ವಿಶ್ರಾಂತಿಯನ್ನು ಸೂಚಿಸುತ್ತದೆ. ಮಲಗಿದ ಮನುಷ್ಯನ ಹಾಗೆ ಅದು ಸ್ಥಿರ. ಓರೆಯಾದ ರೇಖೆ ಬೀಳಲಿರುವುದರ, ಜಾರಲಿರುವುದರ ಸೂಚನೆ. ‘ನಾರ್ತ್‌ಈಸ್ಟರ್’ನಲ್ಲಿ ಬಂಡೆಯ ಅಂಚು ಓರೆ, ಅಲೆಯ ಬೆನ್ನು ಓರೆ. ಕಣ್ಣು ಊರಿ ನಿಲ್ಲಲು ಸಮತಲವಾದ ಜಾಗವೇ ಇಲ್ಲ. ಆಕಾಶಕ್ಕೆ ದೊರೆತಿರುವುದು ಮೇಲಿನ ಸ್ವಲ್ಪ ಸ್ಥಳ ಮಾತ್ರ. ಉಳಿದುದೆಲ್ಲ ಕಡಲಿನ ಪಾಲು. ಬಂಡೆಯಂತೂ ಚಿತ್ರದ ಕೆಳಗಿನ ಮೂಲೆಯಲ್ಲಿ, ನೋಡುವವರ ಕಾಲಬುಡದಲ್ಲಿ ಇದೆಯೋ ಎಂಬಂತಿದೆ. ಹಿಂದೆ ಸರಿದು ನಿಲ್ಲಲು ಒಂದು ಹೆಜ್ಜೆಯಷ್ಟು ನೆಲವನ್ನೂ ಚಿತ್ರಕಾರನು ತೋರಿಸಿಲ್ಲ.

ಭಾವವಿರುವುದು ಬಂಡೆಯಲ್ಲಲ್ಲ, ಅದನ್ನು ಕಾಣಿಸುವ ರೀತಿಯಲ್ಲಿ ಎಂಬುದಕ್ಕೆ ಹೋಮರನ ಮತ್ತೊಂದು ಚಿತ್ರವೇ ಸಾಕ್ಷಿ. 1890ರಲ್ಲಿ ಅವನು ಇದೇ ಪ್ರೌಟ್ಸ್ ನೆಕ್ ತೀರದಲ್ಲಿ ‘ಸಮ್ಮರ್ ನೈಟ್’, ಅಂದರೆ ಬೇಸಗೆಯ ಇರುಳು, ಎಂಬ ಚಿತ್ರವನ್ನು ರಚಿಸಿದನು. ಅಲ್ಲಿಯೂ ಬಂಡೆಗಳಿವೆ, ಅಲ್ಲಿಯೂ ಅಟ್ಲಾಂಟಿಕ್ ಕಡಲಿದೆ. ಆದರೆ ನೀರಿನ ಮೇಲೆ ಬೆಳದಿಂಗಳು ಬೆಳ್ಳಿಯಂತೆ ಹರಡಿದೆ. ಬಂಡೆಗಳ ಮೇಲೆ ಕುಳಿತ ಕೆಲವರು ನೆರಳುಗಳಂತೆ ಕಾಣುತ್ತ ಕಡಲನ್ನು ನೋಡುತ್ತಿದ್ದಾರೆ. ಈಚೆಗೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹಿಡಿದು ನರ್ತಿಸುತ್ತಿದ್ದಾರೆ. ಒಂದೇ ತೀರ, ಒಂದು ಚಿತ್ರದಲ್ಲಿ ಸುಖದ ಜೊತೆಗೆ ಹೆಸರಿಡಲಾಗದ ಒಂದು ವಿಷಾದ, ಇನ್ನೊಂದರಲ್ಲಿ ಮೈನಡುಗಿಸುವ ಗಾಂಭೀರ್ಯ. 1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಬೇಸಗೆಯ ಇರುಳಿನ ಚಿತ್ರವನ್ನು ಮೆಚ್ಚಿ ಫ್ರಾನ್ಸ್ ಸರಕಾರವೇ ಅದನ್ನು ಕೊಂಡುಕೊಂಡಿತು.

ಈಗ ‘ನಾರ್ತ್‌ಈಸ್ಟರ್’ ಚಿತ್ರದಲ್ಲಿ ನಡೆದ ಬದಲಾವಣೆಯ ವಿಷಯಕ್ಕೆ ಬರಬಹುದು. ಇಂದು ಕಾಣುವ ಚಿತ್ರ 1895ರಲ್ಲಿ ಜನರು ಕಂಡ ಚಿತ್ರವಲ್ಲ. ಆಗ ಅದರಲ್ಲಿ ಇಬ್ಬರು ಮನುಷ್ಯರಿದ್ದರು. ಬಿರುಗಾಳಿಯನ್ನು ತಡೆಯುವ ಉಡುಪು ತೊಟ್ಟು, ಬಂಡೆಯ ಮೇಲೆ ಮೈ ಕುಗ್ಗಿಸಿ ಕುಳಿತಿದ್ದರು. ಅವರ ಬಳಿ ಎದ್ದ ನೊರೆಯ ಕಂಬವೂ ಇಂದಿನಷ್ಟು ದೊಡ್ಡದಾಗಿರಲಿಲ್ಲ. ಚಿತ್ರವನ್ನು ಕಂಡವರು ಮೆಚ್ಚಿದರು. ಅದು ಮಾರಾಟವೂ ಆಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಆ ಚಿತ್ರದ ಯೋಚನೆಯನ್ನು ಬಿಟ್ಟುಬಿಡುತ್ತಿದ್ದರು. ಹೋಮರ್ ಬಿಡಲಿಲ್ಲ. ಕೆಲವು ವರ್ಷಗಳ ಬಳಿಕ ಅವನು ಆ ಚಿತ್ರವನ್ನು ಮತ್ತೆ ಮುಂದಿಟ್ಟುಕೊಂಡು ಕುಂಚ ಹಿಡಿದನು. 1901ರ ಹೊತ್ತಿಗೆ ಬಂಡೆಯ ಮೇಲಿದ್ದ ಇಬ್ಬರೂ ಬಣ್ಣದ ಕೆಳಗೆ ಮರೆಯಾಗಿದ್ದರು. ನೊರೆಯ ಕಂಬ ಹಿಗ್ಗಿ ಮುಗಿಲಿನತ್ತ ಎದ್ದುನಿಂತಿತ್ತು.

ಇದು ಸಣ್ಣ ಸಾಹಸವಲ್ಲ. ತೈಲವರ್ಣದಲ್ಲಿ ಒಮ್ಮೆ ಮುಚ್ಚಿದುದನ್ನು ಮೊದಲಿನಂತೆ ಹೊರತೆಗೆಯುವುದು ಸುಲಭವಲ್ಲ. ಜನ ಮೆಚ್ಚಿದ, ಹಣ ಕೊಟ್ಟು ಕೊಂಡ ಚಿತ್ರ ಕೆಟ್ಟುಹೋಗಿದ್ದರೆ ಅದರ ಹೊಣೆಯನ್ನು ಹೋಮರನೇ ಹೊರಬೇಕಾಗಿತ್ತು. ಆಗ ಅವನಿಗೆ ಅರುವತ್ತು ಮೀರಿತ್ತು; ಹೆಸರು ನೆಲೆಗೊಂಡಿತ್ತು. ಆದರೂ ಅವನು ಆ ಗಂಡಾಂತರಕ್ಕೆ ಸಿದ್ಧನಾದನು. ಹಾಗಾದರೆ ಆ ಇಬ್ಬರು ಅಲ್ಲಿದ್ದುದರಿಂದ ಆದ ತೊಂದರೆಯೇನು?

ಯಾವ ಚಿತ್ರದಲ್ಲಿಯೇ ಆಗಲಿ, ಮನುಷ್ಯನ ಆಕೃತಿಯಿದ್ದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಬಂಡೆಯ ಮೇಲೆ ಇಬ್ಬರಿದ್ದಾಗ ನೋಡುವವರ ಮನಸ್ಸು ಅವರ ಕಥೆಯನ್ನು ಹುಡುಕುತ್ತದೆ. ಅವರು ಯಾರು? ಇಂಥ ಹೊತ್ತಿನಲ್ಲಿ ಅಲ್ಲೇಕೆ ಕುಳಿತರು? ಅಲೆ ಅವರನ್ನು ಕೊಚ್ಚಿಕೊಂಡು ಹೋದೀತೇ? ಆಗ ಬಿರುಗಾಳಿ ಅವರ ಕಥೆಯ ಒಂದು ಭಾಗವಾಗುತ್ತದೆ. ನೋಡುವವರಿಗೆ ಉಂಟಾಗುವುದು ಅವರ ಬಗೆಗಿನ ಕಾತರ. ಅಪಾಯದಲ್ಲಿರುವವರು ಅವರು, ನೋಡುವವರು ಮಾತ್ರ ಸುರಕ್ಷಿತವಾಗಿ ಹೊರಗೆ ನಿಂತಿರುತ್ತಾರೆ. ಅವರಿಬ್ಬರನ್ನು ತೆಗೆದುಹಾಕಿದ ಕೂಡಲೇ ಬಂಡೆ ಬರಿದಾಯಿತು. ಬರಿದಾದ ಆ ಜಾಗಕ್ಕೆ ನೋಡುವವರೇ ಬಂದು ನಿಲ್ಲಬೇಕಾಯಿತು. ಈಗ ಅಲೆ ಯಾರ ಮೇಲೆ ಬರುತ್ತಿದೆ ಎಂದು ಕೇಳುವ ಅಗತ್ಯವಿಲ್ಲ. ಅದು ಚಿತ್ರದ ಮುಂದಿರುವವರ ಕಡೆಗೇ ಬರುತ್ತಿದೆ. ಮತ್ತೊಬ್ಬರಿಗಾಗಿ ಪಟ್ಟ ಕಾತರ ತನ್ನದೇ ಆದ ಬೆರಗಾಗಿಯೂ ಭಯವಾಗಿಯೂ ಮಾರ್ಪಟ್ಟಿತು.

ಮತ್ತೊಂದು ಪರಿಣಾಮವೂ ಆಯಿತು. ಮನುಷ್ಯನ ಆಕೃತಿ ಚಿತ್ರದಲ್ಲಿ ಅಳತೆಗೋಲಿನಂತೆ ಕೆಲಸ ಮಾಡುತ್ತದೆ. ಆರಡಿಯ ಮನುಷ್ಯ ಇಷ್ಟೆತ್ತರ ಕಾಣುವುದಾದರೆ ಅಲೆ ಇಷ್ಟೆತ್ತರ ಎಂದು ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಕ್ಕಿದ ವಸ್ತುವಿನ ಭಯ ಅಷ್ಟರಮಟ್ಟಿಗೆ ಕಡಮೆ. ಅಳತೆಗೋಲು ಇಲ್ಲವಾದಾಗ ಅಲೆಯ ಎತ್ತರಕ್ಕೆ ಮೇರೆಯೇ ಇಲ್ಲವಾಯಿತು. ಆದರೆ ತೆಗೆದುಹಾಕಿದರಷ್ಟೇ ಸಾಲದೆಂಬುದನ್ನೂ ಹೋಮರ್ ಬಲ್ಲವನಾಗಿದ್ದನು. ಇಬ್ಬರು ಎದ್ದುಹೋದ ಜಾಗ ಬರಿಯ ಶೂನ್ಯವಾಗಿ ಉಳಿದರೆ ಚಿತ್ರದ ತೂಕ ತಪ್ಪುತ್ತದೆ. ಆದುದರಿಂದಲೇ ನೊರೆಯ ಕಂಬವನ್ನು ಬೆಳೆಸಿ, ಮನುಷ್ಯರು ಹೊತ್ತಿದ್ದ ಭಾರವನ್ನು ನೀರಿಗೆ ಹೊರಿಸಿದನು.

ಹಾಗೆಂದು ಮನುಷ್ಯನಿದ್ದರೆ ಚಿತ್ರದ ಭಾವ ಕೆಡುತ್ತದೆ ಎಂದು ನಿಯಮ ಮಾಡುವಂತಿಲ್ಲ. ಇದೇ ಕಾಲದಲ್ಲಿ, 1899ರಲ್ಲಿ, ಹೋಮರ್ ರಚಿಸಿದ ‘ಗಲ್ಫ್ ಸ್ಟ್ರೀಮ್’ ಎಂಬ ಪ್ರಸಿದ್ಧ ಚಿತ್ರದಲ್ಲಿ, ಪಟಕಂಬ ಮುರಿದ ದೋಣಿಯಲ್ಲಿ ಒಬ್ಬನೇ ಮನುಷ್ಯ ಒರಗಿದ್ದಾನೆ. ಸುತ್ತಲೂ ಶಾರ್ಕ್ ಮೀನುಗಳು ಬಾಯ್ದೆರೆದಿವೆ. ಅಲ್ಲಿಂದ ಅವನನ್ನು ತೆಗೆದರೆ ಚಿತ್ರವೇ ಇಲ್ಲ. ಒಂದು ಚಿತ್ರಕ್ಕೆ ಪ್ರಾಣವಾದುದು ಇನ್ನೊಂದಕ್ಕೆ ಹೊರೆಯಾಗಬಹುದು. ಯಾವುದು ಎಲ್ಲಿ ಬೇಕು, ಯಾವುದು ಬೇಡ ಎಂಬ ಈ ವಿವೇಕವನ್ನೇ ನಮ್ಮ ಪ್ರಾಚೀನ ಆಲಂಕಾರಿಕರು ಔಚಿತ್ಯವೆಂದು ಕರೆದರು. ಹೇಳದೆಯೇ ಹೊಳೆಯಿಸುವ ಅರ್ಥಕ್ಕೆ ಅವರಿಟ್ಟ ಹೆಸರು ಧ್ವನಿ. ಕಾವ್ಯವನ್ನು ಕುರಿತು ಅವರು ಹೇಳಿದ ಈ ಮಾತುಗಳು ಚಿತ್ರಕ್ಕೂ ಸಲ್ಲುತ್ತವೆ. ಇಬ್ಬರು ಹೆದರಿ ಕುಳಿತಿರುವುದನ್ನು ತೋರಿಸುವುದು ಭಯವನ್ನು ಹೇಳಿದಂತೆ. ಬರಿದಾದ ಬಂಡೆಯನ್ನು ತೋರಿಸಿ ಎದೆ ನಡುಗುವಂತೆ ಮಾಡುವುದು ಭಯವನ್ನು ಧ್ವನಿಸಿದಂತೆ.

ಹೋಮರ್ ಆ ಬಂಡೆಗಳ ಬಳಿಯಲ್ಲಿಯೇ ತನ್ನ ಕೊನೆಯ ದಿನಗಳನ್ನು ಕಳೆದನು. ಬೇಕಾದ ಬೆಳಕು ಬರುವವರೆಗೆ ಕಾಯುವುದರಲ್ಲಿ ಅವನಿಗೆ ಬೇಸರವಿರಲಿಲ್ಲ. ಬಿರುಗಾಳಿ ಕಳೆದ ಮುಂಜಾನೆಯ ಕಡಲನ್ನು ಕುರಿತ ಚಿತ್ರವೊಂದನ್ನು 1900ರಲ್ಲಿ ಆರಂಭಿಸಿ 1903ರಲ್ಲಿ ಮುಗಿಸಿದನು. 1910ರ ಸೆಪ್ಟೆಂಬರ್ 29ರಂದು ಪ್ರೌಟ್ಸ್ ನೆಕ್‌ನ ತನ್ನ ಚಿತ್ರಶಾಲೆಯಲ್ಲಿ ಅವನು ತೀರಿಕೊಂಡನು. ಅದೇ ವರ್ಷ ಜಾರ್ಜ್ ಹರ್ನ್ ಎಂಬ ಕಲಾಪ್ರೇಮಿ ‘ನಾರ್ತ್‌ಈಸ್ಟರ್’ ಚಿತ್ರವನ್ನು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಕೊಟ್ಟನು. ಹೋಮರನ ಚಿತ್ರಶಾಲೆಯನ್ನು ಪೋರ್ಟ್‌ಲೆಂಡ್ ನಗರದ ಕಲಾಸಂಗ್ರಹಾಲಯ 2006ರಲ್ಲಿ ಕೊಂಡು, ಜೀರ್ಣೋದ್ಧಾರ ಮಾಡಿ, 2012ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಚಿತ್ರವೊಂದರ ವಾತಾವರಣವನ್ನು ಅರಿಯಲು ಕಲೆಯ ಪಂಡಿತರೇ ಆಗಬೇಕಾಗಿಲ್ಲ. ಕೈಗೆ ಸಿಕ್ಕಿದ ಯಾವುದೇ ಚಿತ್ರದ ಒಂದು ಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿದರೆ ಸಾಕು. ಒಬ್ಬ ಮನುಷ್ಯನನ್ನೋ, ಒಂದು ದೋಣಿಯನ್ನೋ, ಬಾನಿನ ಒಂದು ತುಂಡನ್ನೋ ಮರೆಮಾಡಿದಾಗ ಉಳಿದ ಚಿತ್ರದ ಭಾವ ಬದಲಾಗುತ್ತದೆಯೇ? ಬದಲಾದರೆ ಏಕೆ? ಈ ಪ್ರಶ್ನೆಯನ್ನು ಕೇಳಿಕೊಂಡವರು ಅರಿಯದೆಯೇ ಚಿತ್ರಕಾರನ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಹೋಮರನೂ ತನ್ನ ಚಿತ್ರದ ಮುಂದೆ ನಿಂತು ಇಂಥದೊಂದು ಪ್ರಶ್ನೆಯನ್ನು ಕೇಳಿಕೊಂಡಿರಬೇಕು. ಆ ಇಬ್ಬರು ಇಂದಿಗೂ ಅಲ್ಲಿಯೇ, ಬಣ್ಣದ ಪದರದ ಕೆಳಗೆ ಇದ್ದಾರೆ. ಅವರು ಬಿಟ್ಟುಕೊಟ್ಟ ಜಾಗದಲ್ಲಿ ನಿಂತು, ನೂರಾರು ಮೈಲಿ ದೂರದಿಂದ ಬಂದವರೂ ಈಶಾನ್ಯದ ಬಿರುಗಾಳಿಗೆ ಎದೆಯೊಡ್ಡುತ್ತಾರೆ.

ಪದಗಳ ಅರ್ಥ

ಹೆದ್ದೆರೆ – ದೊಡ್ಡ ಅಲೆ
ಮೊರೆತ – ಗರ್ಜನೆ, ದೊಡ್ಡ ಸದ್ದು
ಕಲ್ಲಚ್ಚು – ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚುಹಾಕುವ ವಿಧಾನ
ಭೂಶಿರ – ಕಡಲಿನೊಳಕ್ಕೆ ಚಾಚಿದ ನೆಲದ ಭಾಗ
ದಿಗಂತ – ನೆಲ ಅಥವಾ ನೀರು ಆಕಾಶವನ್ನು ಸೇರಿದಂತೆ ಕಾಣುವ ಎಡೆ
ಪಟಕಂಬ – ಹಾಯಿ ಕಟ್ಟುವ ಕಂಬ
ಆಲಂಕಾರಿಕರು – ಕಾವ್ಯದ ಸ್ವರೂಪವನ್ನು ವಿವೇಚಿಸಿದ ಶಾಸ್ತ್ರಕಾರರು
ಔಚಿತ್ಯ – ಸಂದರ್ಭಕ್ಕೆ ತಕ್ಕುದಾಗಿರುವಿಕೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೋಮರನ ಮೊದಲ ಗುರು ಯಾರು?
2. ‘ನಾರ್ತ್‌ಈಸ್ಟರ್’ ಎಂಬ ಹೆಸರಿನ ಅರ್ಥವೇನು?
3. 1895ರಲ್ಲಿ ಜನರು ಕಂಡ ಚಿತ್ರದಲ್ಲಿ ಬಂಡೆಯ ಮೇಲೆ ಯಾರಿದ್ದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಲ್ಲರ್‌ಕೋಟ್ಸ್ ಹಳ್ಳಿಯವರ ಬಾಳಿನಲ್ಲಿ ಕಡಲಿನ ಸ್ಥಾನವೇನಾಗಿತ್ತು?
2. ಚಿತ್ರದಲ್ಲಿ ಹಸುರುಬಣ್ಣ ಎಲ್ಲಿ ಹೊಳೆಯುತ್ತದೆ? ಅದರ ಪರಿಣಾಮವೇನು?
3. ಮನುಷ್ಯನ ಆಕೃತಿ ಚಿತ್ರದಲ್ಲಿ ಅಳತೆಗೋಲಿನಂತೆ ಕೆಲಸ ಮಾಡುವುದು ಹೇಗೆ?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಣ್ಣ, ಬೆಳಕು, ರೇಖೆಗಳಿಂದ ಹೋಮರ್ ಬಿರುಗಾಳಿಯ ಭಾವವನ್ನು ಮೂಡಿಸಿದ ಬಗೆಯನ್ನು ವಿವರಿಸಿರಿ.
2. ಬಂಡೆಯ ಮೇಲಿದ್ದ ಇಬ್ಬರನ್ನು ತೆಗೆದುಹಾಕಿದುದು ಸರಿಯೇ? ಕಾರಣಸಹಿತವಾಗಿ ನಿಮ್ಮ ಅಭಿಪ್ರಾಯವನ್ನು ತಿಳಿಸಿರಿ.

ಈ. ಭಾಷಾಭ್ಯಾಸ
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ವಾತಾವರಣ, ಚಳಿಗಾಲ, ಬಂಡೆಯನ್ನು.
2. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹೆದ್ದೆರೆ, ಕಡಲತೀರ.
3. ಸ್ವಂತ ವಾಕ್ಯದಲ್ಲಿ ಬಳಸಿರಿ: ಎದೆಯೊಡ್ಡು, ಕೈ ಪಳಗು, ಕಣ್ಣಾರೆ ಕಾಣು.